ಮಂಡಿಗೆ ಕರೆಂಟ್ ಬೇಕಾ, ವ್ಯಾಯಾಮ ಬೇಕಾ?

ಪ್ರಶ್ನೆ: ನನ್ನ ಅಮ್ಮನಿಗೆ 63 ವರ್ಷ. ಎರಡು ವರ್ಷದಿಂದ ಮಂಡಿ ನೋವು, ಎಕ್ಸ್‌ರೇ ನೋಡಿದ ಡಾಕ್ಟರು ಸವೆತ ಅಂದರು. ಮೊದಲು ಹೋಗುತ್ತಿದ್ದ ಕಡೆ 15 ದಿನ ಕರೆಂಟ್, ಶಾಖ ಕೊಟ್ಟು ಕಳಿಸುತ್ತಿದ್ದರು. ಆ ಹೊತ್ತಿಗೆ ಹಾಯೆನಿಸುತ್ತಿತ್ತು, ವಾರ ಕಳೆದರೆ ಮತ್ತೆ ಅದೇ ನೋವು. ಈಗಿನ ಫಿಸಿಯೊಥೆರಪಿಸ್ಟ್ ಮೆಷಿನ್ ಮುಟ್ಟುವುದೇ ಇಲ್ಲ, ಬರೀ ವ್ಯಾಯಾಮ ಮಾಡಿಸುತ್ತಾರೆ. ಮೊದಲೇ ಸವೆದ ಮಂಡಿ, ಇನ್ನೂ ಸವೆಯುತ್ತೆ ಅಂತ ಅಮ್ಮನಿಗೆ ಭಯ. ಏನು ಮಾಡಲಿ?
– ಓದುಗರೊಬ್ಬರು, ಸಾಗರ

ಉತ್ತರ: ಅಮ್ಮನನ್ನು ಈಗಿನವರ ಹತ್ತಿರವೇ ಕರೆದುಕೊಂಡು ಹೋಗಿ. ಅವರು ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾರೆ.

ನಮ್ಮ ಫಿಸಿಯೊಥೆರಪಿ ವೃತ್ತಿಯಲ್ಲಿ ಆಗಿರುವ ದೊಡ್ಡ ಬದಲಾವಣೆಯೇ ಇದು. ಮುಂಚೆ ಮಂಡಿ ನೋವು ಅಂದರೆ ಐಎಫ್‌ಟಿ (ಚರ್ಮದ ಮೇಲಿಂದ ಸಣ್ಣ ಕರೆಂಟ್ ಹಾಯಿಸುವ ಮೆಷಿನ್), ಅಲ್ಟ್ರಾಸೌಂಡ್ (ಸ್ಕ್ಯಾನ್ ಅಲ್ಲ, ಧ್ವನಿ ತರಂಗ ಕೊಡುವ ಚಿಕಿತ್ಸೆ), ಆಮೇಲೆ ಸಮಯ ಉಳಿದರೆ ಒಂದೆರಡು ವ್ಯಾಯಾಮ. ಈಗ ವ್ಯಾಯಾಮವೇ ಮುಖ್ಯ ಚಿಕಿತ್ಸೆ. ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಬರೆಯುವ ನೈಸ್ ಎಂಬ ಸಂಸ್ಥೆ 2022ರಲ್ಲಿ ಇದನ್ನು ನೇರವಾಗಿಯೇ ಹೇಳಿತು: ಸಂಧಿ ಸವೆತ ಇರುವ ಎಲ್ಲರಿಗೂ ವ್ಯಾಯಾಮ ಕೊಡಿ, ಐಎಫ್‌ಟಿ, ಅಲ್ಟ್ರಾಸೌಂಡ್, ಟೆನ್ಸ್ (ಇದೂ ಕರೆಂಟ್ ಕೊಡುವ ಮೆಷಿನ್ನೇ) ಕೊಡಬೇಡಿ, ಅವುಗಳಿಂದ ಉಪಯೋಗ ಇದೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇಲ್ಲ. ಶಾಖ ಕೊಟ್ಟಾಗ ಹಾಯೆನಿಸುವುದು ನಿಜ, ಅದನ್ನು ಮನೆಯಲ್ಲೇ ಬಿಸಿನೀರಿನ ಚೀಲ ಇಟ್ಟುಕೊಂಡು ಮಾಡಬಹುದು, ಅದಕ್ಕೆ ದಿನಾ ಆಟೋ ಹತ್ತಿ ಹೋಗಬೇಕಾ?

ಅಮ್ಮನ ಭಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ 'ಸವೆತ' ಅನ್ನುವ ಮಾತೇ ಎಷ್ಟೋ ಜನರನ್ನು ಕುರ್ಚಿಗೆ ಕಟ್ಟಿಹಾಕಿಬಿಡುತ್ತದೆ. ಮಂಡಿ ಅಂದರೆ ಸ್ಕೂಟರ್ ಟೈರ್ ಅಲ್ಲ. ಮೂಳೆಯ ತುದಿಯಲ್ಲಿರುವ ನುಣುಪಾದ ಪದರ, ಅಂದರೆ ಕಾರ್ಟಿಲೇಜ್‌ಗೆ ರಕ್ತನಾಳಗಳಿಲ್ಲ. ನಡೆದಾಗ ಅದು ಒತ್ತಿಕೊಂಡು ಮತ್ತೆ ಸಡಿಲವಾಗುತ್ತದೆ, ಹಾಗೆ ಆಗುವಾಗಲೇ ಕೀಲಿನೊಳಗಿನ ದ್ರವದಿಂದ ಅದಕ್ಕೆ ಪೋಷಣೆ ಸಿಗುವುದು. ನೋವಿದೆ ಅಂತ ಸುಮ್ನೆ ಕೂತರೆ ತೊಡೆಯ ಸ್ನಾಯು ಸೊರಗುತ್ತದೆ, ಮೆಟ್ಟಿಲು ಹತ್ತುವಾಗ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ಇನ್ನೊಂದು ವಿಷಯ, ಎಕ್ಸ್‌ರೇಯಲ್ಲಿ ತುಂಬಾ ಸವೆತ ಕಂಡರೂ ಆರಾಮಾಗಿ ಓಡಾಡುವವರಿದ್ದಾರೆ, ಸ್ವಲ್ಪವೇ ಕಂಡರೂ ನರಳುವವರಿದ್ದಾರೆ. ಹಾಗಾಗಿ ಆ ಫಿಲ್ಮ್ ನೋಡಿ ಧೈರ್ಯ ಕಳೆದುಕೊಳ್ಳುವುದು ಬೇಡ.

ಮೊದಲ ಕೆಲವು ವಾರ ನೋವು ಸ್ವಲ್ಪ ಹೆಚ್ಚಾಗಬಹುದು. ಇದನ್ನು ಅಮ್ಮನಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಮೂರನೇ ದಿನಕ್ಕೇ ಬಿಟ್ಟುಬಿಡುತ್ತಾರೆ. ವ್ಯಾಯಾಮದ ನೋವು ಮಾರನೇ ದಿನದ ಹೊತ್ತಿಗೆ ಇಳಿದರೆ ಅದು ಪರವಾಗಿಲ್ಲ. ಇಳಿಯದಿದ್ದರೆ ಬಿಡಬೇಡಿ, ಪ್ರಮಾಣ ಕಡಿಮೆ ಮಾಡಿಸಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು ಒತ್ತುವುದು, ಇಂಥವೇ ಸಾಕು, ಆದರೆ ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಸದ್ಯಕ್ಕೆ ಈಳಿಗೆಮಣೆ ಬಿಟ್ಟು ಮೇಜಿನ ಮೇಲೆ ತರಕಾರಿ ಹೆಚ್ಚಲಿ. ತೂಕ ಜಾಸ್ತಿ ಇದ್ದರೆ ಇಳಿಸಲಿ, 1 ಕಿಲೋ ಇಳಿದರೂ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಹೊರೆ ಸುಮಾರು 4 ಕಿಲೋದಷ್ಟು ಕಡಿಮೆಯಾಗುತ್ತದೆ. ಮಂಡಿ ಇದ್ದಕ್ಕಿದ್ದಂತೆ ಊದಿ ಕೆಂಪಾದರೆ, ಜೊತೆಗೆ ಜ್ವರ ಬಂದರೆ, ವ್ಯಾಯಾಮ ನಿಲ್ಲಿಸಿ ಕೂಡಲೇ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಫಿಸಿಯೊಥೆರಪಿ ಬೋರ್ಡ್ ಹಾಕಿದವರು ಮೂವರಿದ್ದಾರೆ. ಓದಿದವರು ಯಾರು ಅಂತ ತಿಳಿಯುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ಸಂಕೋಚ ಬೇಡ, ಕೇಳಿಬಿಡಿ. ಬಿಪಿಟಿ ಅನ್ನುವುದು ಮೂಲ ಪದವಿ, ಅದರ ಮೇಲೆ ಎಂಪಿಟಿ. ನಾಲ್ಕಾರು ತಿಂಗಳ ಮಸಾಜ್ ಕೋರ್ಸ್ ಬೇರೆ, ಇದು ಬೇರೆ. 2021ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯೊಂದು ಫಿಸಿಯೊಥೆರಪಿಯನ್ನೂ ಸೇರಿಸಿ ಇಂಥ ಹಲವು ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ಮತ್ತು ರಾಜ್ಯ ಮಂಡಳಿಗಳನ್ನು ರಚಿಸಲು ದಾರಿ ಮಾಡಿತು. ತುಂಬಾ ವರ್ಷದಿಂದ ನಾವು ಕೇಳುತ್ತಿದ್ದದ್ದು ಇದನ್ನೇ. ಇನ್ನೊಂದನ್ನೂ ಗಮನಿಸಿ: ನಿಮ್ಮನ್ನು ನಡೆಸಿ, ಬಗ್ಗಿಸಿ ನೋಡದೆ, ನಾಲ್ಕು ಮಾತು ಕೇಳದೆ ನೇರ ಮೆಷಿನ್ ಹಚ್ಚುವವರಾದರೆ ಪಕ್ಕದ ಬೋರ್ಡ್ ನೋಡಿ.