ಹಲಗೆ ಕಟ್ಟಿದ್ದೀರಾ? ಆಮೇಲೆ ಮಾತಾಡೋಣ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
ಉತ್ತರಿಸಿದವರು: ಮಂಡ್ಯದ ಕೃಷಿ ಯಂತ್ರ ಮೆಕ್ಯಾನಿಕ್

ಆಯಿಲ್ ಯಾವಾಗ ಬದಲಿಸಬೇಕು, ಏರ್ ಫಿಲ್ಟರ್ ಹೇಗೆ ತೊಳೆಯಬೇಕು ಅಂತ ಯಾರೂ ಕೇಳುವುದಿಲ್ಲ. ಮೂರು ತಿಂಗಳಿಂದ ಬರುತ್ತಿರುವ ಪ್ರಶ್ನೆ ಒಂದೇ: ಮೆಷಿನ್ನನ್ನು ಪಿಕಪ್‌ಗೆ ಹತ್ತಿಸೋದು ಹೇಗೆ? ಮೊದಲು ಕೈಯಲ್ಲಿ ಹಿಡಿದು ಉಳುವ ಪವರ್ ಟಿಲ್ಲರ್‌ನವರು ಮಾತ್ರ ಕೇಳುತ್ತಿದ್ದರು. ಹೊಳೆ ಪಕ್ಕದ ತೋಟಗಳೆಲ್ಲ ಫಾರ್ಮ್‌ಸ್ಟೇ ಆಗತೊಡಗಿದ ಮೇಲೆ ಎಟಿವಿಯವರೂ, ಅಂದರೆ ದಪ್ಪ ಟೈರಿನ ನಾಲ್ಕು ಚಕ್ರದ ಬೈಕಿನವರೂ, ಸೇರಿಕೊಂಡಿದ್ದಾರೆ. ಎಲ್ಲರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ. ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರಲ್ಲಿ ಬಿಡಿ ಅಂತೆಲ್ಲ ಇಲ್ಲಿ ಪಾಠ ಮಾಡುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ಮೆಷಿನ್ ಮುಟ್ಟುವುದೇ ಬೇಡ.

ಪ್ರಶ್ನೆ: ಸಾರ್, ಶ್ರೀರಂಗಪಟ್ಟಣದ ಹತ್ತಿರ ಇರುವ ನಮ್ಮ ತೆಂಗಿನ ತೋಟಕ್ಕೆ ಸೆಕೆಂಡ್‌ಹ್ಯಾಂಡ್ ಫೋರ್‌ವೀಲ್ ಡ್ರೈವ್ ಎಟಿವಿ ತಗೊಂಡಿದ್ದೇನೆ. ತೂಕ 320 ಕೆಜಿ. ಮೈಸೂರಿನ ಹೂಟಗಳ್ಳಿಯಿಂದ ಬಾಡಿಗೆ ಪಿಕಪ್‌ನಲ್ಲಿ ತರಬೇಕು. "ಎರಡು ಸೆಂಟ್ರಿಂಗ್ ಹಲಗೆ ಇದ್ರೆ ಸಾಕು, ದೂರದಿಂದ ಸ್ಪೀಡಾಗಿ ಬಂದು ಎತ್ತಿಬಿಡಿ" ಅಂತಾನೆ ಡ್ರೈವರ್. ನಮ್ಮ ಮಾವನೂ ಹಂಗೇ ಅಂತಾರೆ. ಸರೀನಾ? ಕಟ್ಟೋದು ಹೇಗೆ ಅಂತಾನೂ ತಿಳಿಸಿ. — ಓದುಗರು, ಶ್ರೀರಂಗಪಟ್ಟಣ ತಾಲ್ಲೂಕು

ನಿಮ್ಮ ಡ್ರೈವರ್‌ಗೂ ಮಾವನವರಿಗೂ ಮೊದಲು ಒಂದು ಮಾತು ಕೇಳಿ: ಹಲಗೆಯನ್ನು ಗಾಡಿಗೆ ಕಟ್ಟುತ್ತೀರಾ, ಇಲ್ಲ ಸುಮ್ಮನೆ ಒರಗಿಸುತ್ತೀರಾ? ಒರಗಿಸುವವರಾದರೆ ಅವರ ಸಲಹೆ ಅಲ್ಲಿಗೇ ಬಿಡಿ.

ಚಕ್ರ ಮುಂದಕ್ಕೆ ಹೋಗಬೇಕಾದರೆ ಕೆಳಗಿರುವುದನ್ನು ಹಿಂದಕ್ಕೆ ಒದೆಯಬೇಕು. ರಸ್ತೆಯನ್ನು ಒದ್ದರೆ ರಸ್ತೆ ಎಲ್ಲಿಗೂ ಹೋಗುವುದಿಲ್ಲ. ಹಲಗೆಯನ್ನು ಒದ್ದರೆ ಹೋಗುತ್ತದೆ. ಮುಂದಿನ ಚಕ್ರ ಎರಡೂ ಬಾಡಿಯೊಳಗೆ ಕಾಲಿಟ್ಟು, ಹಿಂದಿನ ಚಕ್ರ ಎರಡೂ ಹಲಗೆಯ ಮೇಲಿರುವ ಒಂದು ಗಳಿಗೆ ಇದೆಯಲ್ಲ, ಅನಾಹುತವೆಲ್ಲ ಆಗುವುದು ಆಗಲೇ. ಹಲಗೆಯೂ ಬಾಡಿಯೂ ಸೇರುವ ಕಡೆ ಒಂದು ಸಣ್ಣ ಅಂಚು ಇರುತ್ತದೆ. ಮುಂದಿನ ಚಕ್ರ ಅದಕ್ಕೆ ತಾಗಿ ತಡೆಯುತ್ತದೆ. ಮೇಲೆ ಕೂತವರು ಗಾಬರಿಯಿಂದ ಹೆಬ್ಬೆರಳಿನ ಆಕ್ಸಿಲರೇಟರ್ ಒತ್ತುತ್ತಾರೆ. ಹಿಂದಿನ ಚಕ್ರ ಹಲಗೆಯನ್ನು ಹಿಂದಕ್ಕೆ ಎಸೆಯುತ್ತದೆ. ಮೆಷಿನ್ನಿನ ಹಿಂಭಾಗ ಧೊಪ್ಪನೆ ಕೆಳಗೆ, ಮೂತಿ ಮೇಲೆ, ನೀವು ಕೆಳಗೆ, 320 ಕೆಜಿ ನಿಮ್ಮ ಎದೆಯ ಮೇಲೆ. ಸ್ಪೀಡಾಗಿ ಬಂದರೆ ಇದು ತಪ್ಪುತ್ತದೆ ಅನ್ನುವುದು ಶುದ್ಧ ಬುರುಡೆ. ಅಕಸ್ಮಾತ್ ಹತ್ತಿಬಿಟ್ಟರೂ ನಿಲ್ಲಿಸಲು ಜಾಗವೆಲ್ಲಿದೆ? ನೇರ ಕ್ಯಾಬಿನ್ನಿನ ಹಿಂದಿನ ಗಾಜಿಗೆ.

ನನ್ನ ಎಡಗಾಲಿನ ಹರಡಿನಲ್ಲಿ ಒಂದು ಸ್ಟೀಲ್ ಪ್ಲೇಟು, ಆರು ಸ್ಕ್ರೂ ಇವೆ. ಪಾಂಡವಪುರದ ಕಡೆ ಒಂದು ಗದ್ದೆಯಲ್ಲಿ ಸಂಜೆ ಹೊತ್ತು, ಟಿಲ್ಲರ್ ಹತ್ತಿಸುವ ಕೆಲಸ. ಮಾವಿನ ಹಲಗೆ, ಗಟ್ಟಿಯಾಗಿಯೇ ಇತ್ತು, ಮುರಿಯಲಿಲ್ಲ. ಕಟ್ಟಲು ಹಗ್ಗವೂ ಗಾಡಿಯಲ್ಲೇ ಇತ್ತು. "ಎರಡು ನಿಮಿಷದ ಕೆಲಸ" ಅಂದುಕೊಂಡೆ. ಹಲಗೆ ಜರ್ರನೆ ಹಿಂದಕ್ಕೆ ಸರಿದದ್ದು ಕಿವಿಗೆ ಕೇಳಿಸಿತು, ಕಾಲು ತೆಗೆಯುವಷ್ಟು ಹೊತ್ತಿರಲಿಲ್ಲ. ಆದ್ದರಿಂದ ಈ ವಿಷಯದಲ್ಲಿ ನಾನು ಸ್ವಲ್ಪ ಅತಿ ಮಾಡುತ್ತೇನೆ ಅನ್ನಿಸಿದರೆ, ಹೌದು, ಅತಿ ಮಾಡುತ್ತೇನೆ.

ಈಗ ಹಲಗೆ. ಸೆಂಟ್ರಿಂಗ್ ಹಲಗೆಯನ್ನು ಒಂದು ಸಲ ತಿರುಗಿಸಿ ನೋಡಿ. ಮೊಳೆ ಹೊಡೆದು ಕಿತ್ತ ತೂತುಗಳು, ಸಿಮೆಂಟ್ ನೀರು ಕುಡಿದು ಒಣಗಿದ ಬಿರುಕು. ಮೋಲ್ಡ್ ಹಾಕುವಾಗ ಅದರ ಕೆಳಗೆ ಎರಡು ಮೂರು ಅಡಿಗೊಂದು ಆಸರೆ ಇರುತ್ತದೆ. ಇಲ್ಲಿ ಎಂಟು ಅಡಿಗೆ ಎರಡೇ ಕೊನೆ, ನಡುವೆ ಗಾಳಿ. ನಿಮ್ಮದೂ ಮೆಷಿನ್ನಿನದೂ ಸೇರಿ ಸುಮಾರು 400 ಕೆಜಿ, ಅಂದರೆ ಒಂದೊಂದು ಹಲಗೆಗೆ 200. ಅದೂ ಸುಮ್ಮನೆ ಕೂತ ತೂಕವಲ್ಲ, ಅಲುಗುವ ತೂಕ.

ವೆಲ್ಡಿಂಗ್ ಶಾಪ್‌ನಲ್ಲಿ ಒಂದು ಜೊತೆ ಕಬ್ಬಿಣದ ರ‍್ಯಾಂಪ್ ಮಾಡಿಸಿ. ತೋಟ ಇರುವವರಿಗೆ ಅದು ಖರ್ಚಲ್ಲ. ಎರಡು ಪಕ್ಕಕ್ಕೆ ಚಾನಲ್, ನಡುವೆ ಏಣಿಯ ಹಾಗೆ ಅಡ್ಡ ಸರಳು, ಅಗಲ ಒಂದಡಿಗೆ ಕಡಿಮೆ ಬೇಡ. "ಮೇಲೆ ಚೆಕರ್ಡ್ ಪ್ಲೇಟ್ (ಉಬ್ಬು ಗೆರೆಯ ಕಬ್ಬಿಣದ ತಗಡು) ಹಾಕಿಕೊಡುತ್ತೇನೆ, ನೋಡಲು ಚೆಂದ" ಅನ್ನುತ್ತಾರೆ ವೆಲ್ಡಿಂಗ್‌ನವರು. ಒಪ್ಪಬೇಡಿ, ಕೆಸರು ಮೆತ್ತಿದ ಟೈರ್ ಅದರ ಮೇಲೆ ಸೋಪಿನ ಹಾಗೆ ಜಾರುತ್ತದೆ. ಮೇಲಿನ ತುದಿಗೆ ಬಾಡಿಯ ಅಂಚಿನ ಮೇಲೆ ಕೂರುವ ದಪ್ಪ ಪಟ್ಟಿ, ಅದರಲ್ಲಿ ಸರಪಳಿ ಹಾಕಲು ತೂತು. ಅಲ್ಲಲ್ಲಿ ಚುಕ್ಕೆ ಇಡುವುದಲ್ಲ, ಫುಲ್ ವೆಲ್ಡಿಂಗ್ ಆಗಬೇಕು ಅಂತ ಅಲ್ಲೇ ನಿಂತು ಹೇಳಿ. ಆ ಸರಪಳಿಯನ್ನು ಪಿಕಪ್‌ನ ಚಾಸಿಗೆ ಬಿಗಿಯಿರಿ. ಹಿಂದಿನ ಡೋರನ್ನು ಪೂರ್ತಿ ಕೆಳಗೆ ಇಳಿಬಿಡಿ, ಡೋರಿನ ಮೇಲೆ ರ‍್ಯಾಂಪ್ ಇಡಬೇಡಿ. ಅದರ ಕೀಲು ಇರುವುದು ಡೋರಿನ ತೂಕಕ್ಕೆ, ನಿಮ್ಮ ಎಟಿವಿಗಲ್ಲ.

ಉದ್ದ ಎಷ್ಟು ಅಂತ ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಈಗಲೇ ಹೇಳುತ್ತೇನೆ. ಖಾಲಿ ಪಿಕಪ್‌ನ ಬಾಡಿ ನೆಲದಿಂದ ಮೂರು ಅಡಿ ಅಂತಿಟ್ಟುಕೊಳ್ಳಿ. ನಿಮ್ಮ ಗಾಡಿಯದನ್ನು ಟೇಪ್ ಹಿಡಿದು ಅಳೆಯಿರಿ. ಆರು ಅಡಿ ರ‍್ಯಾಂಪ್ ಇಟ್ಟರೆ ಏರು 30 ಡಿಗ್ರಿ, ಹೆಚ್ಚೂಕಮ್ಮಿ ನಿಮ್ಮ ಮನೆ ಮಹಡಿ ಮೆಟ್ಟಿಲಿನಷ್ಟು. ಎಂಟು ಅಡಿಗೆ 22, ಹತ್ತು ಅಡಿಗೆ 17 ಚಿಲ್ಲರೆ. ನಾನು ಎಂಟು ಅಡಿಗಿಂತ ಕಡಿಮೆಯದನ್ನು ಮುಟ್ಟುವುದಿಲ್ಲ. ಆದರೆ ಉದ್ದಕ್ಕಿಂತ ಸುಲಭದ ಉಪಾಯ ನೆಲದಲ್ಲೇ ಇದೆ. ಸೈಟಿನಲ್ಲೋ ತೋಟದಲ್ಲೋ ಒಂದಡಿ ಎತ್ತರದ ದಿಣ್ಣೆ ಇರುತ್ತದೆ. ಪಿಕಪ್ಪನ್ನು ತಗ್ಗಿನಲ್ಲಿ ನಿಲ್ಲಿಸಿ, ರ‍್ಯಾಂಪಿನ ಕಾಲನ್ನು ದಿಣ್ಣೆ ಮೇಲಿಡಿ. ಮೂರಡಿ ಎರಡಡಿ ಆಯಿತು, ಅದೇ ಎಂಟು ಅಡಿ ರ‍್ಯಾಂಪಿನ ಏರು 14 ಡಿಗ್ರಿಗೆ ಇಳಿಯಿತು. ದಿಣ್ಣೆ ಬಾಡಿಯಷ್ಟೇ ಎತ್ತರವಿದ್ದರೆ ಇನ್ನೂ ಸಲೀಸು. ನಮ್ಮ ಹಿರಿಯರು ಎತ್ತನ್ನು ಲಾರಿಗೆ ಹತ್ತಿಸುತ್ತಿದ್ದದ್ದು ಹೀಗೆಯೇ. ನಾಲೆ ಏರಿ ಮಾತ್ರ ಬೇಡ. ಏರಿ ಎತ್ತರವಾಗಿದೆ, ಅನುಕೂಲ ಅಂತ ವಿಶ್ವೇಶ್ವರಯ್ಯ ನಾಲೆ ಪಕ್ಕ ಪಿಕಪ್ ಹಚ್ಚಿ ನಿಂತವರನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಕಡೆ ಹಳ್ಳ, ಇನ್ನೊಂದು ಕಡೆ ನೀರು, ನಡುವೆ ಹೊಸದಾಗಿ ಎಟಿವಿ ಕಲಿತವನು.

ಹತ್ತಿಸುವುದು ಹೇಗೆ? ನಾನಾದರೆ ಮೇಲೆ ಕೂರುವುದೇ ಇಲ್ಲ. ನಿಮ್ಮ ಎಟಿವಿಗೆ ವಿಂಚ್ (ಹಗ್ಗ ಸುತ್ತಿಕೊಂಡು ಎಳೆಯುವ ಮೋಟಾರ್) ಇದ್ದರೆ ಅದರ ಹಗ್ಗವನ್ನು ಬಾಡಿಯ ಮುಂದಿನ ಕಂಬಗಳ ಬುಡಕ್ಕೆ ಸಿಕ್ಕಿಸಿ, ನ್ಯೂಟ್ರಲ್ ಹಾಕಿ, ಪಕ್ಕದಲ್ಲಿ ನಿಂತು ನಿಧಾನವಾಗಿ ಎಳೆಸಿಕೊಳ್ಳಿ. ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು, ಮೆಷಿನ್ನಿನ ಹಿಂದೆಯಂತೂ ಮಗು ಮರಿಯೂ ಇರಬಾರದು. ವಿಂಚ್ ಇಲ್ಲ, ಓಡಿಸಿಯೇ ಹತ್ತಿಸಬೇಕು ಅನ್ನುವುದಾದರೆ ಹೆಲ್ಮೆಟ್ ಹಾಕಿ, ಫೋರ್‌ವೀಲ್, ಲೋ ಗೇರ್. ನಾಲ್ಕೂ ಚಕ್ರ ಎಳೆದರೆ ಮುಂದಿನವು ಬಾಡಿಯನ್ನು ಹಿಡಿದುಕೊಳ್ಳುತ್ತವೆ, ಹಿಂದಿನವು ರ‍್ಯಾಂಪನ್ನು ಒದೆಯುವುದು ಕಡಿಮೆ. ಹತ್ತಡಿ ಹಿಂದಿನಿಂದಲೇ ನೇರ ಮಾಡಿಕೊಂಡು ಬನ್ನಿ. ರ‍್ಯಾಂಪಿನ ಮೇಲೆ ಹ್ಯಾಂಡಲ್ ತಿರುಗಿಸುವ ಮಾತೇ ಇಲ್ಲ. ಸೀಟಿನಿಂದ ಎದ್ದು ಮೈಯನ್ನು ಮುಂದಕ್ಕೆ ಬಾಗಿಸಿ, ನಡಿಗೆಯ ವೇಗದಲ್ಲಿ ಹತ್ತಿ. ನಡುವೆ ನಿಂತುಹೋದರೆ ಮತ್ತೆ ಆಕ್ಸಿಲರೇಟರ್ ಕೊಡಬೇಡಿ. ಬ್ರೇಕ್ ಹಿಡಿದು, ರಿವರ್ಸ್ ಹಾಕಿ, ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಇಳಿಯಿರಿ. ಇಳಿಯುವಾಗ ಬ್ರೇಕ್ ಗಬಕ್ಕನೆ ಹಿಡಿದರೆ ಮೂತಿ ಎದ್ದು ನಿಮ್ಮ ಮೇಲೇ ಮಗುಚುತ್ತದೆ. ತೋಟದಲ್ಲಿ ಇಳಿಸುವಾಗಲೂ ಇದೇ ಮಾತು.

ಕಟ್ಟುವುದು. ತೆಂಗಿನ ನಾರಿನ ಹಗ್ಗ, ಪ್ಲಾಸ್ಟಿಕ್ ಹಗ್ಗ ಎರಡೂ ಬೇಡ. ಒಂದು ಸವೆಯುತ್ತದೆ, ಇನ್ನೊಂದು ಹಿಗ್ಗುತ್ತದೆ. ನಾಲ್ಕು ರ‍್ಯಾಚೆಟ್ ಬೆಲ್ಟ್ ತನ್ನಿ, ಹಿಡಿ ಆಡಿಸಿ ಬಿಗಿಯುವ ಪಟ್ಟಿ. ಅಂಗಡಿಯವನು ತೋರಿಸುವ ದೊಡ್ಡ ಅಂಕಿ ಬೆಲ್ಟ್ ಹರಿಯುವ ತೂಕ. ನಂಬಬೇಕಾದದ್ದು ಅದರ ಮೂರರಲ್ಲೊಂದು ಪಾಲು. ಮುಂದಿನ ಚಕ್ರ ಮುಂದಿನ ಗಾರ್ಡಿಗೆ ತಾಗಿರಲಿ. ಎರಡು ಬೆಲ್ಟ್ ಮುಂದಕ್ಕೆ, ಎರಡು ಹಿಂದಕ್ಕೆ, ನಾಲ್ಕು ಮೂಲೆಗೂ ಓರೆಯಾಗಿ. ಹ್ಯಾಂಡಲ್‌ಗೆ, ಲಗೇಜ್ ಕ್ಯಾರಿಯರ್‌ಗೆ, ಪ್ಲಾಸ್ಟಿಕ್‌ಗೆ ಕಟ್ಟಬೇಡಿ, ಚಾಸಿಗೇ ಕಟ್ಟಿ. ಸಸ್ಪೆನ್ಷನ್ ಸ್ವಲ್ಪ ಕುಸಿಯುವಷ್ಟು ಬಿಗಿಯಿರಿ. ಇಲ್ಲದಿದ್ದರೆ ಮೊದಲ ಹಂಪ್‌ನಲ್ಲಿ ಮೆಷಿನ್ ಕುಕ್ಕಿದಾಗ ಬೆಲ್ಟ್ ಸಡಿಲಾಗಿ ಕೊಕ್ಕೆ ಕಳಚಿ ಬೀಳುತ್ತದೆ. ನಾನು ಕೊಕ್ಕೆಯ ಬಾಯಿಗೆ ತಂತಿ ಸುತ್ತುತ್ತೇನೆ. ಪಿಕಪ್‌ನ ಪಕ್ಕದಲ್ಲಿರುವ ಸಣ್ಣ ಕೊಕ್ಕೆಗಳು ಟಾರ್ಪಾಲ್ ಹಗ್ಗಕ್ಕೆ ಮಾಡಿದವು, ಬಾಡಿ ತಳದ ಅಡ್ಡಪಟ್ಟಿಗೆ ಬೋಲ್ಟ್ ಮಾಡಿದ ಬಳೆ ಇದೆಯೇ ನೋಡಿ. ಬೆಲ್ಟು ತಗಡಿನ ಅಂಚಿಗೆ ಉಜ್ಜುವ ಕಡೆ ಹಳೇ ಟ್ಯೂಬಿನ ತುಂಡು ಇಡಿ. ಗೇರ್ ಪಾರ್ಕಿಂಗ್‌ನಲ್ಲಿರಲಿ, ಪೆಟ್ರೋಲ್ ಕಾಕ್ ಇದ್ದರೆ ಬಂದ್ ಮಾಡಿ. ರಿಂಗ್ ರೋಡಿನಲ್ಲಿ ಹೊರಟು ಸಿದ್ದಲಿಂಗಪುರ ದಾಟುವ ಮುಂಚೆ ಒಮ್ಮೆ ನಿಲ್ಲಿಸಿ ಬೆಲ್ಟನ್ನು ಕೈಯಲ್ಲಿ ಮೀಟಿ. ತಂತಿಯ ಹಾಗೆ ಬಿಗಿಯಾಗಿರಬೇಕು. ಇರುವುದಿಲ್ಲ, ಮತ್ತೆ ಬಿಗಿಯಿರಿ.

ಪ್ರಶ್ನೆ: ಬೆಲ್ಟ್ ಬದಲು ಹಿಂದೆ ಇಬ್ಬರು ಹುಡುಗರನ್ನು ಕೂರಿಸಿ ಹಿಡಿಸಿಕೊಂಡರೆ? — ಓದುಗರು, ಮದ್ದೂರು

ಹುಡುಗರನ್ನು ಕಟ್ಟುವುದು ಯಾವುದಕ್ಕೆ?

ಪ್ರಶ್ನೆ: ದೂರ ಇಪ್ಪತ್ತೇ ಕಿಲೋಮೀಟರ್. ಎಟಿವಿಯನ್ನೇ ರಸ್ತೆಯಲ್ಲಿ ಓಡಿಸಿಕೊಂಡು ಬಂದರೆ ಏನು? — ಓದುಗರು, ಮೈಸೂರು

ನಂಬರ್ ಪ್ಲೇಟ್ ಇದೆಯಾ? ಇಲ್ಲಿ ಮಾರುವ ಎಟಿವಿಗಳಲ್ಲಿ ಹೆಚ್ಚಿನವು ನೋಂದಣಿಯೇ ಆಗುವುದಿಲ್ಲ. ನೋಂದಣಿ ಇಲ್ಲದ ಮೇಲೆ ರಸ್ತೆಯ ಮಾತು ಬಿಡಿ.

ಪ್ರಶ್ನೆ: ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಹಾಕಿಕೊಂಡು ಎಕ್ಸ್‌ಪ್ರೆಸ್‌ವೇನಲ್ಲಿ ಮಂಡ್ಯಕ್ಕೆ ಬರಬಹುದಾ? — ಓದುಗರು, ಮಂಡ್ಯ

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಟ್ರೇಲರ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಸರ್ವಿಸ್ ರಸ್ತೆಯಲ್ಲಿ ಬನ್ನಿ.

ಪ್ರಶ್ನೆ: ಹತ್ತಿಸುವ ಮುಂಚೆ ಎಟಿವಿ ಟೈರಿಗೆ ಗಟ್ಟಿಯಾಗಿ ಗಾಳಿ ಹೊಡೆಸಿದರೆ ಸಲೀಸಾಗಿ ಹತ್ತುತ್ತೆ ಅಂತ ಪಂಕ್ಚರ್ ಅಂಗಡಿಯವರು 30 ಪಾಯಿಂಟ್ ಹಾಕಿಕೊಟ್ಟರು. — ಓದುಗರು, ನಂಜನಗೂಡು

ಇಂಥವರಿಂದಲೇ ನನಗೆ ಬಿಪಿ. ಹೆಚ್ಚಿನ ಎಟಿವಿ ಟೈರಿಗೆ ಬೇಕಾದದ್ದು 5ರಿಂದ 7 ಪಾಯಿಂಟ್. ನಿಮ್ಮದಕ್ಕೆಷ್ಟು ಅಂತ ಟೈರಿನ ಪಕ್ಕದಲ್ಲೋ ಮೆಷಿನ್ನಿನ ಸ್ಟಿಕ್ಕರಿನಲ್ಲೋ ಬರೆದಿರುತ್ತದೆ. 30 ಹಾಕಿದರೆ ಟೈರ್ ಉಬ್ಬಿ ರ‍್ಯಾಂಪನ್ನು ಹಿಡಿಯುವುದು ನಡುವಿನ ಎರಡು ಬೆರಳಗಲ ಮಾತ್ರ. ಒಡೆದರೆ ಕಣ್ಣು ಹೋಗುತ್ತದೆ. ಈಗಲೇ ಇಳಿಸಿ. ಕಾರಿನ ಗೇಜಿನಲ್ಲಿ ಇಷ್ಟು ಕಡಿಮೆ ಗಾಳಿ ಸರಿಯಾಗಿ ತೋರಿಸುವುದಿಲ್ಲ, ಬೇರೆ ಗೇಜ್ ಸಿಗುತ್ತದೆ, ತಗೊಳ್ಳಿ.

ಪ್ರಶ್ನೆ: ಜೀಪಿನ ಹಿಂದೆ ಎಳೆಯಲು ಸಣ್ಣ ಟ್ರೇಲರ್ ಮಾಡಿಸಿದ್ದೇವೆ. ಎಟಿವಿ ಹಾಕಿ ಹೊರಟರೆ 50ರ ಮೇಲೆ ಹಾವಿನಂತೆ ತೊನೆಯುತ್ತೆ. — ಓದುಗರು, ಹುಣಸೂರು

ಎಟಿವಿಯನ್ನು ಹಿಂದಕ್ಕೆ ನಿಲ್ಲಿಸಿದ್ದೀರಿ. ಅಚ್ಚಿಗಿಂತ ಸ್ವಲ್ಪ ಮುಂದಕ್ಕೆ ತನ್ನಿ. ಟ್ರೇಲರ್ ಮತ್ತು ಸಾಮಾನು ಸೇರಿದ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಜೀಪಿನ ಕೊಂಡಿಯ ಮೇಲೆ ಕೂರಬೇಕು. ಬಾತ್‌ರೂಮ್ ತಕ್ಕಡಿಯ ಮೇಲೆ ಟ್ರೇಲರಿನ ಮೂಕಿ ಇಟ್ಟು ತೂಗಬಹುದು. ತೊನೆಯಲು ಶುರುವಾದಾಗ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ಆಡಿಸಬೇಡಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಅಂದಹಾಗೆ ಟ್ರೇಲರಿಗೂ ನೋಂದಣಿ ಬೇಕು. ಮಾಡಿಸಿಲ್ಲ ಅಂತ ನನಗೆ ಗೊತ್ತು.

ಪ್ರಶ್ನೆ: ಪವರ್ ಟಿಲ್ಲರನ್ನು ಪಿಕಪ್‌ನಿಂದ ಇಳಿಸುವಾಗ ಎಡಗಡೆ ಸ್ಟೀರಿಂಗ್ ಕ್ಲಚ್ ಹಿಡಿದರೆ ಬಲಕ್ಕೆ ತಿರುಗಿತು, ಹಲಗೆಯಿಂದ ಬಿತ್ತು. ಕ್ಲಚ್ ಕೆಟ್ಟಿದೆಯಾ? ಮೆಕ್ಯಾನಿಕ್ ಕಿಟ್ ಬದಲಿಸಬೇಕು ಅಂತಾನೆ. — ಓದುಗರು, ಕೆ.ಆರ್. ಪೇಟೆ

ಕ್ಲಚ್ ಚೆನ್ನಾಗಿದೆ, ಮೆಕ್ಯಾನಿಕ್ ಬದಲಿಸಿ. ಸಮ ನೆಲದಲ್ಲಿ ಎಡ ಕ್ಲಚ್ ಹಿಡಿದರೆ ಎಡ ಚಕ್ರಕ್ಕೆ ಎಳೆತ ತಪ್ಪಿ ಅದು ಹಿಂದುಳಿಯುತ್ತದೆ, ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಚಕ್ರವನ್ನು ತಡೆದಿರುವುದೇ ಇಂಜಿನ್. ಎಡ ಕ್ಲಚ್ ಹಿಡಿದ ಕೂಡಲೇ ಎಡ ಚಕ್ರ ತಡೆಯಿಲ್ಲದೆ ಓಡುತ್ತದೆ, ಟಿಲ್ಲರ್ ಬಲಕ್ಕೆ ಹೊರಳುತ್ತದೆ. ಹಲಗೆಯ ಮೇಲೆ ಆ ಲಿವರ್‌ಗಳಿಂದ ಬೆರಳು ದೂರವಿರಲಿ, ಮೇನ್ ಕ್ಲಚ್ಚನ್ನೂ ಬಿಡಿಸಬೇಡಿ. ಕೆಳಗೇ ನೇರ ಮಾಡಿಕೊಂಡು, ಮೊದಲ ಗೇರಿನಲ್ಲಿ ಇಂಜಿನ್ ಸಣ್ಣಗಿಟ್ಟು ಹತ್ತಿಸಿ. ಇಳಿಸುವಾಗ ರಿವರ್ಸ್ ಗೇರ್, ಇಂಜಿನ್ ಸಣ್ಣಗೇ ಇರಲಿ. ಹಿಡಿ ಹಿಡಿದವರು ಮೆಷಿನ್ನಿನ ತಗ್ಗಿನ ಕಡೆ ಇರುತ್ತೀರಿ ಅನ್ನುವುದು ನೆನಪಿರಲಿ. ನೀವು ನಡೆಯಲು ನಡುವೆ ಮೂರನೇ ಹಲಗೆ ಇರಲಿ. ಮೂರನ್ನೂ ಕಟ್ಟಿ.