ಹೊಸ ಬಡಾವಣೆಯ ಮಾಲೀಕರ ಸಂಘ: ನೋಂದಣಿಗಿಂತ ಮೊದಲು ನಕ್ಷೆ

ತಾವು ಕೇಳಿರುವುದು ಎರಡು ಸಂಗತಿ. ವಿಜಯಪುರದ ಹೊರವಲಯದ ಖಾಸಗಿ ಬಡಾವಣೆಯಲ್ಲಿ ಪ್ಲಾಟುಗಳೆಲ್ಲ ಮಾರಾಟವಾಗಿ, ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು ಎದ್ದಿರುವಾಗ ಮಾಲೀಕರ ಸಂಘವನ್ನು ಎಲ್ಲಿಂದ ಆರಂಭಿಸಬೇಕು ಎಂಬುದು ಮೊದಲನೆಯದು. ‘ಸಂಘ ಮಾಡಿಕೊಂಡು ಇನ್ನು ಮುಂದೆ ಎಲ್ಲವನ್ನೂ ನೀವೇ ನೋಡಿಕೊಳ್ಳಿ’ ಎನ್ನುತ್ತಿರುವ ಡೆವಲಪರ್‌ಗೆ ಏನು ಉತ್ತರ ಕೊಡಬೇಕು ಎಂಬುದು ಎರಡನೆಯದು. ಇದೇ ಊರಿನ ಇನ್ನೊಂದು ಬಡಾವಣೆಯಲ್ಲಿ ಸಂಘದ ಕಾರ್ಯದರ್ಶಿಯಾಗಿ ಕಾಗದಪತ್ರಗಳನ್ನು ನೋಡಿಕೊಂಡವನಾಗಿ ಹೇಳುವುದಾದರೆ, ಸಂಘವನ್ನು ತಡಮಾಡದೆ ಮಾಡಿರಿ, ಆದರೆ ನಿರ್ವಹಣೆಯ ಹೊಣೆಯನ್ನು ಅವಸರದಿಂದ ಹೊತ್ತುಕೊಳ್ಳಬೇಡಿರಿ.

ಬೈಲಾ, ಅಂದರೆ ಸಂಘದ ನಿಯಮಾವಳಿ, ಬರೆಯುವುದಕ್ಕೂ ಮೊದಲು ಆಗಬೇಕಾದ ಕೆಲಸವೆಂದರೆ ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿಯನ್ನು ಕೈಗೆ ತೆಗೆದುಕೊಳ್ಳುವುದು. ಮಾರಾಟದ ವೇಳೆ ಹಂಚಿದ ಬಣ್ಣದ ಕರಪತ್ರದಲ್ಲಿನ ನಕ್ಷೆ ಇದಕ್ಕೆ ಬಾರದು. ಬಡಾವಣೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿದ್ದರೆ ಕರ್ನಾಟಕ ರೇರಾ ಜಾಲತಾಣದಲ್ಲಿಯೇ ಯೋಜನೆಯ ವಿವರಗಳನ್ನು ನೋಡಬಹುದು. ಇಲ್ಲವಾದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಕೊಡಲೇಬೇಕು. ನಕ್ಷೆಯ ಜೊತೆಗೆ ಅನುಮೋದನೆಯ ಷರತ್ತುಗಳನ್ನೂ ಎನ್.ಎ. (ಕೃಷಿ ಭೂಮಿಯನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಿದ) ಆದೇಶವನ್ನೂ ಕೇಳಿರಿ, ಏಕೆಂದರೆ ರಸ್ತೆ, ಗಟಾರ, ನೀರು, ಬೀದಿದೀಪಗಳನ್ನು ಯಾರು ಮಾಡಿಕೊಡಬೇಕು ಎಂಬುದು ಆ ಷರತ್ತುಗಳಲ್ಲಿರುತ್ತದೆ.

ನಾವು ನಕ್ಷೆಯನ್ನು ಹಿಡಿದು, ಟೇಪಿನಿಂದ ಅಳೆಯುತ್ತ ಇಡೀ ಬಡಾವಣೆಯನ್ನು ಒಂದು ಸುತ್ತು ಹಾಕಿದೆವು. ಉದ್ಯಾನವೆಂದು ಗುರುತಿಸಿದ ಮೂಲೆಯಲ್ಲಿ ಖಡಿ ಮತ್ತು ಸಿಮೆಂಟ್ ಪೈಪುಗಳ ರಾಶಿ ಇತ್ತು, ಗಡಿಕಲ್ಲು ಒಂದೂ ಕಾಣಲಿಲ್ಲ. ಒಂದು ಅಡ್ಡರಸ್ತೆಯ ಗಟಾರದ ಇಳಿಜಾರು ತಿರುಗುಮುರುಗಾಗಿ, ನೀರು ಮುಖ್ಯ ಗಟಾರಕ್ಕೆ ಹೋಗುವ ಬದಲು ಖಾಲಿ ಪ್ಲಾಟಿಗೆ ನುಗ್ಗುತ್ತಿತ್ತು. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಅಂಗೈ ಅಗಲ ಬಿರುಕು ಬಿಡುವ, ಮಳೆಗಾಲದಲ್ಲಿ ಉಬ್ಬುವ ಈ ಮಣ್ಣಿನ ಮೇಲೆ ತಳಪಾಯ ಸರಿಯಿಲ್ಲದೆ ಹಾಕಿದ ಡಾಂಬರು ಒಂದೆರಡು ಮಳೆಗಾಲದಲ್ಲಿ ಕಿತ್ತುಹೋಗುತ್ತದೆ, ವಿದ್ಯುತ್ ಕಂಬಗಳು ವಾಲುತ್ತವೆ. ಆದುದರಿಂದ ಪ್ರತಿಯೊಂದು ಕೊರತೆಯನ್ನೂ ದಿನಾಂಕ ಕಾಣುವಂತೆ ಫೋಟೋ ತೆಗೆದು, ನಕ್ಷೆಯ ಯಾವ ಜಾಗದ್ದೆಂದು ಬರೆದಿಟ್ಟುಕೊಳ್ಳುವುದು ಅಗತ್ಯ. ಉದ್ಯಾನದ ಜಾಗದಲ್ಲಿ ಗುಡಿ ಕಟ್ಟೋಣ ಎಂಬ ಮಾತು ಹೆಚ್ಚುಕಡಿಮೆ ಎಲ್ಲ ಬಡಾವಣೆಗಳಲ್ಲಿಯೂ ಬರುತ್ತದೆ. ಭಕ್ತಿಯಿಂದಲೇ ಬರುವ ಮಾತಾದರೂ, ಸಾರ್ವಜನಿಕ ರಸ್ತೆ ಮತ್ತು ಉದ್ಯಾನಗಳಲ್ಲಿ ಹೊಸ ಧಾರ್ಮಿಕ ಕಟ್ಟಡ ಕೂಡದೆಂದು ಸುಪ್ರೀಂ ಕೋರ್ಟ್ 2009ರಲ್ಲಿಯೇ ಆದೇಶಿಸಿರುವುದನ್ನು ಹಿರಿಯರಿಗೆ ಮೊದಲೇ ತಿಳಿಸಿರಿ.

ನೋಂದಣಿಯ ವಿಷಯ ಅಷ್ಟು ಕಠಿಣವಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಕನಿಷ್ಠ 7 ಜನ ಸೇರಿ ಸಂಘದ ಜ್ಞಾಪನಪತ್ರ ಮತ್ತು ನಿಯಮಾವಳಿಯನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಫ್ಲಾಟುಗಳಿಗೆ ಸಂಬಂಧಿಸಿದ್ದು. ಪ್ಲಾಟುಗಳ ಬಡಾವಣೆಯವರು ಅದರ ಗೊಡವೆಗೆ ಹೋಗಬೇಕಿಲ್ಲ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಕರೆದು, ಲೆಕ್ಕಪರಿಶೋಧನೆಯಾದ ಜಮಾ-ಖರ್ಚನ್ನೂ ಆಡಳಿತ ಮಂಡಳಿಯ ಪಟ್ಟಿಯನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸುವುದನ್ನು ಮಾತ್ರ ಎಂದಿಗೂ ತಪ್ಪಿಸಬೇಡಿರಿ. ಠರಾವು (ನಿರ್ಣಯ) ಪುಸ್ತಕದ ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿ, ಸಭೆ ಮುಗಿಯುವ ಮುನ್ನವೇ ಠರಾವನ್ನು ಬರೆದು, ಎಲ್ಲರೆದುರು ಓದಿ ಹೇಳಿ ಸಹಿ ಪಡೆಯುವುದು ಒಳ್ಳೆಯದು. ಮನೆಗೆ ಒಯ್ದು ಬರೆದ ಠರಾವಿನಿಂದಲೇ ಜಗಳಗಳು ಹುಟ್ಟುತ್ತವೆ.

ನಿಜವಾದ ಕಷ್ಟವಿರುವುದು ಸದಸ್ಯತ್ವದಲ್ಲಿ. ಪ್ಲಾಟು ಕೊಂಡವರಲ್ಲಿ ಬಹಳಷ್ಟು ಜನ ಬೆಂಗಳೂರು, ಪುಣೆ, ಸೊಲ್ಲಾಪುರಗಳಲ್ಲಿ ಇರುತ್ತಾರೆ. ಮನೆ ಕಟ್ಟಿಕೊಂಡವರಷ್ಟೇ ಸಂಘ ಮಾಡಿದರೆ ಅದು ಕೆಲವರ ಕೂಟವಾಗುತ್ತದೆಯೇ ಹೊರತು ಅದರ ಮಾತಿಗೆ ಕಚೇರಿಗಳಲ್ಲಿ ತೂಕ ಬರುವುದಿಲ್ಲ. ಖಾಲಿ ಪ್ಲಾಟಿನವರನ್ನೂ ಮೊದಲ ದಿನದಿಂದಲೇ ಸದಸ್ಯರನ್ನಾಗಿ ಮಾಡಿಕೊಂಡು, ಪ್ಲಾಟಿಗೆ ಒಂದು ಮತವೆಂದು ನಿಯಮಾವಳಿಯಲ್ಲಿ ಬರೆಯಿರಿ. ವರ್ಗಣಿಯನ್ನು (ಸದಸ್ಯರ ವಂತಿಗೆಯನ್ನು) ಎರಡು ಭಾಗ ಮಾಡುವುದು ನ್ಯಾಯವೆಂದು ನನಗೆ ತೋರುತ್ತದೆ: ಉದ್ಯಾನದ ಬೇಲಿ, ಕಾಗದಪತ್ರ, ವಕೀಲರ ಖರ್ಚಿನಂಥ ಆಸ್ತಿಯ ಮೌಲ್ಯ ಕಾಯುವ ಕೆಲಸಗಳಿಗೆ ಎಲ್ಲ ಮಾಲೀಕರೂ ಸಮನಾಗಿ ಕೊಡಬೇಕು, ಕಾವಲುಗಾರ, ಕಸ, ನೀರಿನಂಥ ದಿನನಿತ್ಯದ ಖರ್ಚನ್ನು ವಾಸವಿರುವವರು ಹಂಚಿಕೊಳ್ಳಬೇಕು. ಹಣ ಸಂಘದ ಹೆಸರಿನ ಬ್ಯಾಂಕ್ ಖಾತೆಗೇ ಬರಲಿ, ಇಬ್ಬರ ಸಹಿ ಇಲ್ಲದೆ ಹೊರಗೆ ಹೋಗದಿರಲಿ, ಹಣ ಕೊಟ್ಟ ಪ್ರತಿಯೊಬ್ಬರಿಗೂ ರಸೀದಿ ಸಿಗಲಿ. ಗಣೇಶ ಚತುರ್ಥಿಯ ಚಂದಾ ಹಣವನ್ನು ಈ ಖಾತೆಯಲ್ಲಿ ಬೆರೆಸಲೇಬೇಡಿರಿ.

ಇನ್ನು ಡೆವಲಪರ್‌ಗೆ ಕೊಡಬೇಕಾದ ಉತ್ತರ. ರೇರಾ ಕಾಯ್ದೆ, 2016ರ 11ನೇ ಕಲಮಿನ ಪ್ರಕಾರ ಸಂಘ ರಚನೆಗೆ ಅನುವು ಮಾಡಿಕೊಡುವುದು ಅವರದೇ ಕರ್ತವ್ಯ; ಸಂಘವು ನಿರ್ವಹಣೆಯನ್ನು ವಹಿಸಿಕೊಳ್ಳುವವರೆಗೆ ಸಮಂಜಸ ಶುಲ್ಕಕ್ಕೆ ಅಗತ್ಯ ಸೇವೆಗಳನ್ನು ಒದಗಿಸುತ್ತಿರಬೇಕಾದದ್ದೂ ಅವರ ಹೊಣೆಯೇ. ಸಂಘ ನೋಂದಣಿಯಾದ ಮಾತ್ರಕ್ಕೆ ಈ ಹೊಣೆ ಇಳಿಯುವುದಿಲ್ಲ, ಆದರೆ ‘ನಿರ್ವಹಣೆಯನ್ನು ವಹಿಸಿಕೊಂಡಿದ್ದೇವೆ’ ಎಂಬ ಒಂದು ಸಾಲಿಗೆ ತಮ್ಮ ಅಧ್ಯಕ್ಷರು ಸಹಿ ಹಾಕಿದರೆ, ಅರ್ಧಕ್ಕೆ ನಿಂತ ಗಟಾರವೂ ಬೆಳಗದ ಬೀದಿದೀಪವೂ ಅಂದಿನಿಂದ ತಮ್ಮ ತಲೆಗೇ ಬರುತ್ತವೆ. ಆದ್ದರಿಂದ ಸಂಘದ ಮೊದಲ ಠರಾವಿನಲ್ಲಿಯೇ, ಅಳತೆಯ ವೇಳೆ ಕಂಡ ಕೊರತೆಗಳ ಪಟ್ಟಿಯನ್ನು ಲಗತ್ತಿಸಿ, ಇವು ಸರಿಯಾಗಿ ರಸ್ತೆ ಮತ್ತು ಉದ್ಯಾನಗಳು ಪಾಲಿಕೆಗೆ ಅಥವಾ ಆಯಾ ಗ್ರಾಮ ಪಂಚಾಯತಿಗೆ ವಿಧಿವತ್ತಾಗಿ ಹಸ್ತಾಂತರವಾಗುವವರೆಗೆ ನಿರ್ವಹಣೆಯನ್ನು ವಹಿಸಿಕೊಳ್ಳುವುದಿಲ್ಲವೆಂದು ಬರೆಯಿರಿ. ಅದರ ಪ್ರತಿಯನ್ನು ಡೆವಲಪರ್‌ಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಇನ್ನೊಂದನ್ನು ಪ್ರಾಧಿಕಾರದ ಆವಕ ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿರಿ. ಸ್ಪಂದನೆ ಬಾರದಿದ್ದರೆ ರೇರಾಕ್ಕೆ ದೂರು ಕೊಡುವ ಹಕ್ಕು 31ನೇ ಕಲಮಿನಡಿ ಸಂಘಕ್ಕೂ ಇದೆ, ಮತ್ತು ಆ ದೂರಿಗೆ ಈ ಠರಾವು, ಫೋಟೋಗಳು ಹಾಗೂ ಸ್ವೀಕೃತಿಯ ಪ್ರತಿ ಆಧಾರವಾಗುತ್ತವೆ.