ಕಾರ್ಟ್ರಿಜ್‌ಗೆ ದುಡ್ಡು ಸುರಿದು ಸಾಕಾಗಿದೆ, ಶೇವಿಂಗ್ ಖರ್ಚು ಇಳಿಸೋದು ಹೇಗೆ?

ನಾಲ್ಕು ಕಾರ್ಟ್ರಿಜ್‌ಗಳ ಪ್ಯಾಕಿಗೆ 600 ರೂಪಾಯಿ, ದಿನ ಬಿಟ್ಟು ದಿನ ಶೇವ್ ಮಾಡಿದರೂ ಎರಡು ತಿಂಗಳಿಗೆ ಖಾಲಿ ಅಂದಿದ್ದೀರಿ. ಲೆಕ್ಕ ಹಾಕಿದರೆ ಒಂದು ಶೇವ್‌ಗೆ 20 ರೂಪಾಯಿ, ವರ್ಷಕ್ಕೆ 3,600. ಇದನ್ನು 300 ರೂಪಾಯಿಯೊಳಗೆ ತರಬಹುದು. ಎರಡೂ ಕಡೆ ಅಂಚಿರುವ ಸಾದಾ ಬ್ಲೇಡ್ ಹಾಕುವ ಸೇಫ್ಟಿ ರೇಜರ್ ಬಳಸಲು ಶುರುಮಾಡಿ, ಅಷ್ಟೇ.

ಆ ಬ್ಲೇಡ್ ಅಷ್ಟು ಅಗ್ಗವಾಗಿರುವುದಕ್ಕೆ ಕಾರಣವಿದೆ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಅವರಿಗೆ ಸೇಫ್ಟಿ ರೇಜರ್‌ನ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಅದರ ಅವಧಿ ಮುಗಿದು ಕಾಲವಾಯಿತು. ಈಗ ಯಾವ ಕಂಪನಿಯ ಬ್ಲೇಡ್ ಆದರೂ ಯಾವ ಕಂಪನಿಯ ರೇಜರಿಗಾದರೂ ಕೂರುತ್ತದೆ, ಹಾಗಾಗಿ ಪೈಪೋಟಿ ಬೆಲೆಯ ಮೇಲೇ ನಡೆಯುತ್ತದೆ. ಕಾರ್ಟ್ರಿಜ್‌ನಲ್ಲಿ ಹಾಗಲ್ಲ. ಹಿಡಿ ಯಾವ ಕಂಪನಿಯದೋ ಕಾರ್ಟ್ರಿಜ್ ಕೂಡ ಅವರದ್ದೇ ಆಗಬೇಕು. ಹಿಡಿಯನ್ನು ಕಡಿಮೆಗೆ ಕೊಟ್ಟು ಕಾರ್ಟ್ರಿಜ್‌ನಲ್ಲಿ ವಸೂಲಿ ಮಾಡುತ್ತಾರೆ. ಸಾದಾ ಬ್ಲೇಡ್ ಒಂದಕ್ಕೆ 5 ರೂಪಾಯಿ, ಒಂದರಲ್ಲಿ ನಾಲ್ಕೇ ಶೇವ್ ಎಂದು ಹಿಡಿದರೂ ವರ್ಷದ 180 ಶೇವ್‌ಗೆ 45 ಬ್ಲೇಡ್, 225 ರೂಪಾಯಿ.

ರೇಜರ್ ಕೊಳ್ಳುವಾಗ ಮೂರು ಭಾಗಗಳದ್ದನ್ನೇ ಕೇಳಿ: ಮೇಲಿನ ಮುಚ್ಚಳ, ಕೆಳಗಿನ ತಟ್ಟೆ, ತಿರುಗಿಸಿ ಬಿಗಿಯುವ ಹಿಡಿ. ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ, ಬಿಚ್ಚಿ ತೊಳೆಯುವುದೂ ಸುಲಭ. ತಟ್ಟೆಯ ಅಂಚು ಬಾಚಣಿಗೆಯಂತೆ ಸೀಳಿರಬಾರದು, ಮುಚ್ಚಿದ ಪಟ್ಟಿಯಿರಲಿ. ಕಲಿಯುವವರಿಗೆ ಅದೇ ಸೌಮ್ಯ. ಅಗ್ಗದ ರೇಜರ್‌ಗಳ ತಲೆ ಸತುವಿನ ಮಿಶ್ರಲೋಹದ್ದು. ಟೈಲ್ಸ್ ಮೇಲೆ ಬಿದ್ದರೆ ಮುಚ್ಚಳದಲ್ಲಿರುವ ತಿರುಪಿನ ಕಂಬಿಯೇ ಮುರಿಯುತ್ತದೆ, ಆಮೇಲೆ ಅದು ರಿಪೇರಿ ಆಗುವುದಿಲ್ಲ. ಒದ್ದೆ ಕೈಯಲ್ಲಿ ಜೋಪಾನ.

ಬ್ಲೇಡನ್ನು ಆನ್‌ಲೈನ್‌ನಲ್ಲಿ ನೂರರ ಡಬ್ಬಿಯಾಗಿ ಕೊಂಡರೆ ಅಗ್ಗ ನಿಜ, ಆದರೆ ಮೊದಲ ಸಲವೇ ಕೊಳ್ಳಬೇಡಿ. ಟೋಪಾಜ್, ಸೂಪರ್‌ಮ್ಯಾಕ್ಸ್, ಸೆವೆನ್ ಓ ಕ್ಲಾಕ್ ಇವುಗಳಲ್ಲಿ ಐದರ ಪ್ಯಾಕ್ ಒಂದೊಂದು ತಂದು ನೋಡಿ. ಒಬ್ಬರಿಗೆ ಬೆಣ್ಣೆಯಂತೆ ಓಡುವ ಬ್ಲೇಡ್ ಇನ್ನೊಬ್ಬರಿಗೆ ಉರಿ ತರುತ್ತದೆ. ಗಡ್ಡದ ದಪ್ಪ, ಚರ್ಮ, ರೇಜರ್ ಮೂರೂ ಸೇರಿ ಅದನ್ನು ತೀರ್ಮಾನಿಸುತ್ತವೆ. ಜಪಾನಿನ ಫೆದರ್ ತುಂಬಾ ಹರಿತ, ಬೆಲೆಯೂ ಹೆಚ್ಚು, ಹೊಸಬರಿಗೆ ಬೇಡ.

ಬ್ಲೇಡ್ ಹಾಕುವಾಗಿನ ಒಂದು ತಪ್ಪಿಂದಲೇ ಬಹಳ ಜನ ಗಾಯ ಮಾಡಿಕೊಂಡು ಮತ್ತೆ ಕಾರ್ಟ್ರಿಜ್‌ಗೆ ಓಡುತ್ತಾರೆ. ಮುಚ್ಚಳವನ್ನು ಬೋರಲಾಗಿ ಹಿಡಿದು ಬ್ಲೇಡ್ ಕೂರಿಸಿ, ಮೇಲೆ ತಟ್ಟೆ ಇಡಿ. ಬ್ಲೇಡಿನ ಹರಿತವಿಲ್ಲದ ಎರಡು ಚಿಕ್ಕ ತುದಿಗಳನ್ನು ಬೆರಳಿಂದ ಒತ್ತಿ ಹಿಡಿದೇ ಹಿಡಿಯನ್ನು ಬಿಗಿಯಬೇಕು. ಆಮೇಲೆ ರೇಜರನ್ನು ಬೆಳಕಿಗೆ ಹಿಡಿದು ತಲೆಯ ಕಡೆಯಿಂದ ನೋಡಿ: ಎರಡೂ ಬದಿಯಲ್ಲಿ ಅಂಚು ಒಂದೇ ಸಮ ಇಣುಕಬೇಕು. ಒಂದು ಕಡೆ ಹೆಚ್ಚು ಕಂಡರೆ ಆ ಬದಿ ಕೊಯ್ಯುತ್ತದೆ, ಇನ್ನೊಂದು ಬದಿ ಗಡ್ಡ ಬಿಡುತ್ತದೆ. ಸಡಿಲಿಸಿ ಮತ್ತೆ ಬಿಗಿಯಿರಿ.

ಶೇವ್ ಮಾಡುವಾಗ ಮುಖ್ಯವಾಗಿ ಬಿಡಬೇಕಾದದ್ದು ಒತ್ತುವ ಅಭ್ಯಾಸ. ಕಾರ್ಟ್ರಿಜ್‌ನ ತಲೆ ಅಲ್ಲಾಡುತ್ತದೆ, ಒತ್ತಿದರೂ ಸಹಿಸುತ್ತದೆ. ಇದು ಸಹಿಸುವುದಿಲ್ಲ, ರೇಜರಿನ ಭಾರವೇ ಸಾಕು. ಮುಚ್ಚಳವನ್ನು ಕೆನ್ನೆಗೆ ತಾಗಿಸಿ, ಹಿಡಿಯನ್ನು ಮುಖದಿಂದ ನೇರ ಹೊರಕ್ಕೆ ಚಾಚುವಂತೆ ಹಿಡಿಯಿರಿ. ಈಗ ನಿಧಾನ ಹಿಡಿಯನ್ನು ಕೆಳಗಿಳಿಸುತ್ತಾ ಬನ್ನಿ. ಎಲ್ಲಿ ಕೂದಲು ಕತ್ತರಿಸುವ ಚರಚರ ಸದ್ದು ಶುರುವಾಗುತ್ತದೋ ಅದೇ ಕೋನ, ಬ್ಲೇಡ್ ಚರ್ಮಕ್ಕೆ ಸುಮಾರು 30 ಡಿಗ್ರಿ. ಒಂದೊಂದು ಎಳೆತ ಎರಡು ಮೂರು ಸೆಂಟಿಮೀಟರ್ ಮೀರದಿರಲಿ. ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ಕತ್ತಿನಲ್ಲಿ ಈ ದಿಕ್ಕು ಎಡಕ್ಕೊಂದು ಬಲಕ್ಕೊಂದು ಇರುತ್ತದೆ, ಮೊದಲೇ ಬೆರಳಾಡಿಸಿ ತಿಳಿದುಕೊಳ್ಳಿ. ಮೊದಲ ತಿಂಗಳು ಎದುರು ದಿಕ್ಕಿಗೆ ಎಳೆಯಲೇಬೇಡಿ.

ಇನ್ನು ಬ್ಲೇಡಿನ ಬಾಳಿಕೆ. ಬ್ಲೇಡ್ ಮೊಂಡಾಗುವುದು ಬರೀ ತುಕ್ಕಿನಿಂದ ಅಲ್ಲ. ಉಕ್ಕಿಗಿಂತ ಕೂದಲು ಸುಮಾರು 50 ಪಟ್ಟು ಮೆತ್ತಗಿದ್ದರೂ, ಉಕ್ಕಿನ ರಚನೆ ಒಂದೇ ಸಮ ಇಲ್ಲದ ಕಡೆ ಕೂದಲು ಓರೆಯಾಗಿ ಬಾಗಿ ತಾಗಿದಾಗ ಅಂಚಿನಿಂದ ಸಣ್ಣ ಚಕ್ಕೆ ಏಳುತ್ತದೆ ಎಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಸೂಕ್ಷ್ಮದರ್ಶಕದಲ್ಲೇ ತೋರಿಸಿದರು. ಮತ್ತೆ ಹರಿತವಾಗಲೆಂದು ಬ್ಲೇಡನ್ನು ಜೀನ್ಸ್ ಬಟ್ಟೆಗೆ ಉಜ್ಜಿದರೂ ಹೀಗೆ ಹೋದ ಚಕ್ಕೆ ವಾಪಸ್ ಬರುವುದಿಲ್ಲ. ನಮ್ಮ ಕೈಯಲ್ಲಿರುವುದು ಕೂದಲನ್ನು ಮೆತ್ತಗೆ ಮಾಡುವುದು: ಸ್ನಾನದ ನಂತರ ಶೇವ್ ಮಾಡಿ, ಇಲ್ಲವೇ ಬಿಸಿನೀರಿನ ಬಟ್ಟೆಯನ್ನು ಎರಡು ಮೂರು ನಿಮಿಷ ಮುಖಕ್ಕೆ ಹಿಡಿಯಿರಿ. ಎರಡೂ ಬದಿಯನ್ನು ಸಮನಾಗಿ ಬಳಸಿ. ಮುಗಿದ ಮೇಲೆ ತೊಳೆದು ಕೊಡವಿ ಒಣಗಲು ಬಿಡಿ. ಟವೆಲ್‌ನಿಂದ ಅಂಚನ್ನು ಒರೆಸಿದರೆ ಅದರ ಮೇಲಿನ ನುಣುಪು ಲೇಪ ಕೀಳುತ್ತದೆ. ಗಲ್ಲದ ಹತ್ತಿರ ಕೂದಲು ಜಗ್ಗಿದಂತಾದರೆ ಬ್ಲೇಡ್ ಮುಗಿಯಿತು. ಐದು ರೂಪಾಯಿ ಉಳಿಸಲು ಹೋಗಿ ಮುಖ ಕೆಡಿಸಿಕೊಳ್ಳಬೇಡಿ.

ಡಬ್ಬಿಯ ಫೋಮ್ ಕೂಡ ದುಬಾರಿಯೇ. ಬ್ರಷ್ ಇದ್ದರೆ ಕಡಲೆಕಾಳಿನಷ್ಟು ಕ್ರೀಮ್ ಸಾಕು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ನೊರೆ ಏಳದೆ ಜನ ಕ್ರೀಮ್ ದುಪ್ಪಟ್ಟು ಸುರಿಯುತ್ತಾರೆ. ಬೆಂಗಳೂರು, ಕೋಲಾರದ ಕಡೆಯವರಿಗೆ ಈ ಕಾಟ ಗೊತ್ತೇ ಇದೆ. ಶೇವಿಂಗ್‌ಗೆ ಒಂದು ಲೋಟ ಕುಡಿಯುವ ಆರ್‌ಒ ಫಿಲ್ಟರ್ ನೀರು ತೆಗೆದುಕೊಂಡರೆ ಆ ಸಮಸ್ಯೆ ಇಲ್ಲ.

ಕೈ ನಡುಗುವವರು, ಮುಖದಲ್ಲಿ ಮೊಡವೆ ತುಂಬಿರುವವರು ಸೇಫ್ಟಿ ರೇಜರ್‌ಗೆ ಹೋಗದಿರುವುದೇ ಒಳ್ಳೆಯದು. ಅವರಿಗೆ ಜಿಲೆಟ್ ಗಾರ್ಡ್‌ನಂಥ ಒಂದೇ ಬ್ಲೇಡಿನ ಕಾರ್ಟ್ರಿಜ್ ಹೊಂದುತ್ತದೆ. 2010ರಲ್ಲಿ ಭಾರತಕ್ಕೆಂದೇ ತಂದಾಗ ಅದರ ರೇಜರ್ 15 ರೂಪಾಯಿ, ಕಾರ್ಟ್ರಿಜ್ 5 ರೂಪಾಯಿ ಇತ್ತು. ಈಗ ಬೆಲೆ ಏರಿದ್ದರೂ ನೀವು ಕೊಳ್ಳುವ ಕಾರ್ಟ್ರಿಜ್‌ಗಳ ಹತ್ತಿರಕ್ಕೂ ಬರುವುದಿಲ್ಲ. ನಲ್ಲಿ ಇಲ್ಲದೆ ಮಗ್ ನೀರಿನಲ್ಲಿ ಅದ್ದಿದರೂ ಸಿಕ್ಕಿಕೊಂಡ ಕೂದಲು ಬಿಟ್ಟುಹೋಗುತ್ತದೆ.

ಬಳಸಿದ ಬ್ಲೇಡನ್ನು ದಯವಿಟ್ಟು ಕಸದ ಬುಟ್ಟಿಗೆ ಹಾಗೇ ಎಸೆಯಬೇಡಿ. ಆ ಕಸವನ್ನು ಪೌರಕಾರ್ಮಿಕರು ಕೈಯಿಂದಲೇ ಬೇರ್ಪಡಿಸುತ್ತಾರೆ. ಮುಚ್ಚಳ ತೆಗೆಯಲಾಗದ ಒಂದು ತಗಡಿನ ಡಬ್ಬಿಗೆ ಬ್ಲೇಡ್ ತೂರುವಷ್ಟು ಸೀಳು ಮಾಡಿಟ್ಟರೆ ವರ್ಷಗಟ್ಟಲೆ ಸಾಕು. ತುಂಬಿದಾಗ ಸೀಳಿಗೆ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆ ಎಂದು ದೊಡ್ಡದಾಗಿ ಬರೆದು, ಕಸದವರ ಕೈಗೇ ಹೇಳಿ ಕೊಡಿ.